ನನ್ನ ಸನ್ಮಾನಕ್ಕೆ ಊರವರ ತಕರಾರು

ನನ್ನ ಮಾನಪತ್ರವನ್ನು ನಾನೇ ಬರೆದೆ. ನಾನು ಕೆಲಸಕ್ಕಿದ್ದ ಸೇವಾ ಸಂಸ್ಥೆಯಲ್ಲಿ ದುಂಡಗೆ ಬರೆಯುವವಳು ನಾನೊಬ್ಬಳೇ ಎಂದು ನವಲಗುಂದದ ಆಫೀಸಿನಿಂದ ಕಾಗದ ಬಂದಿತ್ತು. ನಿಮ್ಮ ಐದು ವರ್ಷದ ಸೇವೆಯನ್ನು ಮೆಚ್ಚಿ ತಿರ್ಲಾಪುರದಲ್ಲೇ ಸನ್ಮಾನಿಸಲು ತೀರ್ಮಾನಿಸಲಾಗಿದೆ, ಜಮಖಾನೆ, ಕುರ್ಚಿ, ಚಹಾ ಇತ್ಯಾದಿ ಏರ್ಪಾಡು ತಾವೇ ಮಾಡಿಕೊಳ್ಳತಕ್ಕದ್ದು ಎಂದು ಅದರಲ್ಲಿತ್ತು. ಮದುಮಗಳೇ ಹಂದರ ಹಾಕಿ, ಅಡಿಗೆ ಮಾಡಿ, ವಾಲಗ ಊದುವವರನ್ನೂ ಕರೆದು ತರಬೇಕೆಂದರೆ ಹೇಗೋ ಹಾಗೆ. ಸಿಟ್ಟು ನೆತ್ತಿಗೇರಿತು. ಆದರೂ ಬರೆದೆ. ‘ಸದಾ ನಗುಮೊಗದ’ ಎಂದು ಬರೆಯುವಾಗ ಹಲ್ಲು ಕಡಿಯುತ್ತಿದ್ದೆ.

ಇದು ಎಪ್ಪತ್ತರ ದಶಕದ ಮಾತು. ಬಾಲವಾಡಿ ನೋಡುವುದು, ಬಸುರಿಯರನ್ನು ನವಲಗುಂದದ ದವಾಖಾನೆಗೆ ಕಳಿಸುವುದು, ಹೆಂಗಸರಿಗೆ ಸಹಿ ಕಲಿಸುವುದು, ಗಂಡ ಹೆಂಡಿರ ಜಗಳದಲ್ಲಿ ಎರಡೂ ಕಡೆಯಿಂದ ಬೈಸಿಕೊಳ್ಳುವುದು ನನ್ನ ಕೆಲಸ. ತಿರ್ಲಾಪುರದ ಒಬ್ಬ ಮುದುಕಿ ಗೌಡಸಾನಿಯ ಮನೆಯ ಹೊರಗಿನ ಖೋಲಿಯಲ್ಲಿದ್ದು ಸುತ್ತಲಿನ ನಾಲ್ಕು ಊರು ತಿರುಗುತ್ತಿದ್ದೆ. ಯಜಮಾನರು ಮಿಲಿಟರಿಯಲ್ಲಿದ್ದರು. ನಾಲ್ಕು ವರ್ಷದ ಮಗಳು ಧಾರವಾಡದಲ್ಲಿ ನನ್ನ ಅವ್ವನ ಹತ್ತಿರ. ದಿನವಿಡೀ ತಿರುಗುವವಳು ಕೂಸನ್ನು ಯಾರ ಕೈಯಲ್ಲಿ ಬಿಟ್ಟು ಹೋಗಲಿ? ತಿಂಗಳಿಗೊಮ್ಮೆ ಹೋದರೆ ಅವಳು ಅಜ್ಜಿಯ ಹಿಂದೆ ನಿಂತು ನನ್ನನ್ನು ಮನೆಗೆ ಬಂದ ಬೀಗರನ್ನು ನೋಡಿದಂತೆ ನೋಡುತ್ತಿದ್ದಳು. ಊರ ಮಕ್ಕಳ ಮೂಗೆಲ್ಲ ಒರೆಸಿದ ನನಗೆ ನನ್ನ ಮಗಳು ಮಾತ್ರ ಮೂಗು ಕೊಡುತ್ತಿರಲಿಲ್ಲ.

ಧಾರವಾಡದ ಹೊಲಿಗೆ ಕೇಂದ್ರಕ್ಕೆ ವರ್ಗ ಮಾಡಿರೆಂದು ಮೂರು ಅರ್ಜಿ ಹಾಕಿದ್ದೆ. ಈ ಸಲ ಆಫೀಸಿನ ಕಾರಕೂನರು ಗುಟ್ಟಾಗಿ ಹೇಳಿ ಕಳಿಸಿದರು. ಆರ್ಡರು ತಯಾರಾಗಿದೆ, ಸಂಸ್ಥೆಯ ಅಧ್ಯಕ್ಷರ ಚರ್ಮದ ಚೀಲದಲ್ಲಿದೆ, ಸನ್ಮಾನ ಮುಗಿದ ಮೇಲೆ ಅಲ್ಲೇ ಸಹಿ ಮಾಡಿ ಕೈಗೆ ಕೊಡುತ್ತಾರೆ ಎಂದು. ಶಾಲು ಯಾರಿಗೆ ಬೇಕಿತ್ತು? ನನ್ನ ಜೀವವೆಲ್ಲ ಆ ಚೀಲದಲ್ಲಿತ್ತು. ಊರಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ನಿಮ್ಮನ್ನು ಬಿಟ್ಟು ಹೋಗುತ್ತೇನೆಂದು ಹೇಳಲು ನಾಚಿಕೆಯಾಗುತ್ತಿತ್ತು.

ಏರ್ಪಾಡಿಗೆ ಹೊರಟರೆ ಊರೇ ನನ್ನ ಮೇಲೆ ತಿರುಗಿ ಬಿದ್ದಂತಿತ್ತು. ಕನ್ನಡ ಸಾಲಿಯ ಕುರ್ಚಿ ಕೇಳಿದರೆ ಕೀಲಿಕೈ ಕಳೆದಿದೆ ಎಂದರು. ಮಠದ ಜಮಖಾನೆ ಕೇಳಿದರೆ ಇಲಿ ಕಡಿದಿದೆ ಎಂದರು. ಹಿಂದಿನ ದಿನವಷ್ಟೇ ಅದರ ಮೇಲೆ ಹೆಂಗಸರನ್ನು ಕೂರಿಸಿ ನಾನು ಪಾಠ ಮಾಡಿದ್ದೆ. ಚಹಾಕ್ಕೆ ದೊಡ್ಡ ಬೋಗಾಣಿ ಕೊಡುತ್ತೇನೆಂದಿದ್ದ ಗೌಡಸಾನಿ, ಅದಕ್ಕೆ ತೂತು ಬಿದ್ದಿದೆ ಎಂದು ಮುಖ ತಿರುಗಿಸಿದರು. ಐದು ವರ್ಷ ಈ ಎರೆಮಣ್ಣು ತುಳಿದವಳಿಗೆ ಒಂದು ಕುರ್ಚಿಯಷ್ಟೂ ಬೆಲೆ ಇಲ್ಲವೇ ಎಂದು ಬಾಗಿಲು ಹಾಕಿಕೊಂಡು ಅತ್ತೆ. ಎದ್ದು, ಮಾನಪತ್ರದಲ್ಲಿದ್ದ ‘ಊರವರ ಕಣ್ಮಣಿ’ ಎಂಬ ಮಾತನ್ನು ಹೊಡೆದು ಹಾಕಿದೆ.

ಕಡೆಗೆ ನವಲಗುಂದದಿಂದ ಜಮಖಾನೆ, ಕುರ್ಚಿ, ಹಾರ, ಅಧ್ಯಕ್ಷರು ಎಲ್ಲ ಒಂದೇ ಜೀಪಿನಲ್ಲಿ ಬಂದರು. ಬಾಲವಾಡಿಯ ಮುಂದೆ ಸಭೆ. ಊರೆಲ್ಲ ಬಂದಿತ್ತು, ಆದರೆ ಸತ್ತವರ ಮಣ್ಣಿಗೆ ಬಂದವರ ಮುಖ ಮಾಡಿಕೊಂಡು. ಅಧ್ಯಕ್ಷರು ಅರಳೆ ವ್ಯಾಪಾರದವರು. ಮನಸ್ಸು ಒಳ್ಳೆಯದು, ಮಾತು ಶುರು ಮಾಡಿದರೆ ನಿಲ್ಲಿಸುವುದು ಮಾತ್ರ ಗೊತ್ತಿರಲಿಲ್ಲ. ಮಾನಪತ್ರ ಓದಿ, ಅದನ್ನು ಬರೆದವರ ಅಕ್ಷರವನ್ನು ಹೊಗಳಿ, ಹಾರ ಎತ್ತಿದರು. ಆಗ ಗೌಡಸಾನಿ ಎದ್ದು ನಿಂತರು.

“ಆ ಹಾರ ಕೆಳಗಿಡ್ರಿ,” ಎಂದರು.

ಅಧ್ಯಕ್ಷರ ಕೈ ಅರ್ಧಕ್ಕೇ ನಿಂತಿತು. ಗೌಡಸಾನಿ ಬಿಡಿಸಿ ಹೇಳಿದರು. ಈ ಊರಲ್ಲಿ ಸಾಲಿ ಮಾಸ್ತರರಿಗೆ ಹಾರ ಹಾಕಿದರು, ಮರುದಿನ ಅವರು ಗಂಟು ಕಟ್ಟಿ ಬಸ್ ಹತ್ತಿದರು. ಊರ ಲೆಕ್ಕ ಬರೆಯುವ ತಲಾಠಿಗೆ ಹಾಕಿದರು, ಅವರೂ ಹೋದರು. ನರ್ಸಬಾಯಿಗೆ ಶಾಲು ಹೊದಿಸಿದ ದಿನ ದವಾಖಾನೆಗೆ ಬಿದ್ದ ಕೀಲಿ ಇನ್ನೂ ತೆಗೆದಿಲ್ಲ. ಹೋಗುವವರಿಗಲ್ಲದೆ ಇರುವವರಿಗೆ ಹಾರ ಹಾಕಿದ್ದನ್ನು ಈ ಊರು ಕಂಡಿಲ್ಲ. ಹಾಗಿದ್ದ ಮೇಲೆ ಈ ಶಾಲು, ಹಾರ ಏತಕ್ಕೆಂದು ಊರವರಿಗೆ ತಿಳಿಯುವುದಿಲ್ಲವೇ?

ಕೀಲಿಕೈ ಏಕೆ ಕಳೆದಿತ್ತು, ಬೋಗಾಣಿಗೆ ಏಕೆ ತೂತು ಬಿದ್ದಿತ್ತು ಎಂದು ಆಗ ನನಗೆ ಹೊಳೆಯಿತು. ಕುರ್ಚಿ ಇಲ್ಲದಿದ್ದರೆ ಸಭೆ ಇಲ್ಲ, ಸಭೆ ಇಲ್ಲದಿದ್ದರೆ ವರ್ಗ ಇಲ್ಲ ಎಂಬುದು ಊರವರ ಎಣಿಕೆ.

“ಅಕ್ಕಾರನ್ನ ಕಳಸೂದಿದ್ರ ನಮಗ ಈ ಸನ್ಮಾನ ಬ್ಯಾಡ್ರಿ,” ಎಂದು ಗೌಡಸಾನಿ ಮುಗಿಸಿದರು. ಹಿಂದಿದ್ದ ಹೆಂಗಸರೂ ಬೇಡವೆಂದು ದನಿಗೂಡಿಸಿ, ಮಡಿಚಿದ ಒಂದು ಅರ್ಜಿಯನ್ನು ಮುಂದೆ ಹಿಡಿದರು. ಅದರಲ್ಲಿ ಒಂದೂ ಹೆಬ್ಬೆಟ್ಟಿರಲಿಲ್ಲ. ಎಲ್ಲ ಸಹಿ, ಎಲ್ಲವೂ ನಾನೇ ಕೈ ಹಿಡಿದು ಕಲಿಸಿದವು.

ಹಾಗೇನೂ ಇಲ್ಲ, ನಿಮಗೆ ತಪ್ಪು ತಿಳಿವಳಿಕೆ ಎಂದು ಅಧ್ಯಕ್ಷರು ನಗಬೇಕಿತ್ತು. ಆದರೆ ಆರ್ಡರು ಚೀಲದಲ್ಲೇ ಇತ್ತಲ್ಲ! ಊರವರು ತಪ್ಪು ತಿಳಿದದ್ದು ನಿಜವೇ ಆಗಿ ಕೂತಿತ್ತು. ಅಧ್ಯಕ್ಷರ ಕಣ್ಣು ತುಂಬಿ ಬಂದವು. ಚೀಲದಿಂದ ಕಾಗದ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ನಾಲ್ಕು ಚೂರು ಮಾಡಿದರು. ಒಬ್ಬ ಕಾರ್ಯಕರ್ತೆಗೆ ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ಯಾವ ಸಂಸ್ಥೆಯೂ ಮಾಡಲಾರದು ಎಂದರು. ಚಪ್ಪಾಳೆಯೋ ಚಪ್ಪಾಳೆ. ಸಾಲಿಯ ಕೀಲಿಕೈ ಸಿಕ್ಕಿತು, ಬೋಗಾಣಿಯ ತೂತು ಮುಚ್ಚಿತು, ಇಲಿ ಕಡಿದ ಜಮಖಾನೆ ಅಗದಿ ಹೊಸದಾಗಿ ಬಂದು ಹಾಸಿಕೊಂಡಿತು. ನಾನು ಉಣ್ಣೆಯ ಶಾಲು ಹೊದ್ದು ಬಿಸಿಲಲ್ಲಿ ಕೂತು ಗಳಗಳ ಅತ್ತೆ. ಆನಂದಬಾಷ್ಪ ಎಂದು ಅಧ್ಯಕ್ಷರು ಸಭೆಗೆ ತೋರಿಸಿದರು.

ಜೀಪು ಹೋದ ಮೇಲೆ ಗೌಡಸಾನಿ ನನ್ನನ್ನು ಒಳಗೆ ಕರೆದು ಮಣೆಯ ಮೇಲೆ ಕೂರಿಸಿ ಉಡಿ ತುಂಬತೊಡಗಿದರು. ಸೆರಗಿಗೆ ಅಕ್ಕಿ ಬಿತ್ತು, ಕುಬಸದ ಕಣ ಬಿತ್ತು, ನನ್ನ ಅಳು ಮಾತ್ರ ನಿಲ್ಲಲಿಲ್ಲ. ಸಂತೋಷಕ್ಕೆ ಇಷ್ಟು ಹೊತ್ತು ಯಾರೂ ಅಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಏನಾಯಿತೆಂದು ಕೇಳಿದರು. ತಡೆಯಲಾಗದೆ ಅರ್ಜಿ, ಆರ್ಡರು, ಮಗಳ ಹಂಬಲ ಎಲ್ಲ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ಸಿಟ್ಟೂ ಬಂತು. ಆರ್ಡರು ಹರಿದ ಅಧ್ಯಕ್ಷರಾಗಲಿ, ಅಡ್ಡ ನಿಂತ ಊರಾಗಲಿ, ನಿನಗೇನು ಬೇಕೆಂದು ನನ್ನನ್ನು ಒಂದು ಮಾತು ಕೇಳಲಿಲ್ಲ ಎಂದು ಅವರ ಮುಖಕ್ಕೇ ಅಂದೆ.

ಅವರು ಕೊಬ್ಬರಿ ಬಟ್ಟಲನ್ನು ತಟ್ಟೆಗೇ ಹಾಕಿ ನನ್ನೆದುರು ಕೂತರು. ಐದು ವರ್ಷ ಅಕ್ಕಾರ, ಬರ್ರಿ, ಹೋಗ್ರಿ ಎನ್ನುತ್ತಿದ್ದವರು ಅಂದು ಅದನ್ನೆಲ್ಲ ಬಿಟ್ಟರು.

“ಹುಚ್ಚಿ ಅದಿ ನೋಡು. ಇಷ್ಟ ದಿವಸ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು? ಊರ ಮಂದಿ ಮಕ್ಕಳನ್ನೆಲ್ಲ ನೀ ನೋಡತಿ. ನಿನ್ನ ಒಂದ ಕೂಸಿನ್ನ ನೋಡಾಕ ನಾವೇನ ಸತ್ತೇವೇನು? ನಾಳಿಗೆ ಹೋಗಿ ಕರ್ಕೊಂಡ ಬಾ.”

ಮರುದಿನವೇ ಹೋದೆ. ಮಗಳು ದಾರಿಯುದ್ದಕ್ಕೂ ಅತ್ತು, ಯಾರ ಕೂಸನ್ನು ಕದ್ದೊಯ್ಯುತ್ತೀಯೆ ಎಂದು ಬಸ್ಸಿನವರು ಕೇಳುವಂತೆ ಮಾಡಿದಳು. ಗೌಡಸಾನಿ ಬಸ್ ನಿಲ್ಲುವಲ್ಲೇ ಕಾದಿದ್ದರು. ಒಂದು ಚೂರು ಬೆಲ್ಲ ತೋರಿಸಿ ಅವಳನ್ನು ಸೊಂಟದ ಮೇಲೆ ಹಾಕಿಕೊಂಡು ಹೊರಟೇಬಿಟ್ಟರು. ನನ್ನ ಹತ್ತಿರ ಬಾರದವಳು ಅವರ ಹತ್ತಿರ ಒಂದೇ ಮಾತಿಗೆ ಹೋದದ್ದು ಕಂಡು ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಬೆಳಗಾದ ಮೇಲೆ ಕೊಡೆ ಹಿಡಿದು ಊರು ತಿರುಗಲು ಹೊರಟೆ. ಮಗಳು ಕಟ್ಟೆಯ ಮೇಲೆ ಗೌಡಸಾನಿಯ ಬಾಜು ಕೂತು ರೊಟ್ಟಿ ತಿನ್ನುತ್ತಿದ್ದಳು. ನಾನು ಅಂಗಳಕ್ಕಿಳಿದೊಡನೆ ರೊಟ್ಟಿಯನ್ನು ಬಾಯಿಂದ ತೆಗೆದು ಕೇಳಿದಳು.

“ಮತ್ತ ಯಾವಾಗ ಬರ್ತಿ?”

ಧಾರವಾಡದಲ್ಲಿ ಈ ಪ್ರಶ್ನೆಗೆ ಬರುವ ತಿಂಗಳು ಎಂದು ಹೇಳಿ ಹೇಳಿ ನನ್ನ ನಾಲಿಗೆಗೆ ಅದೇ ರೂಢಿಯಾಗಿತ್ತು. ಅಂದು ತಡೆದು ನಿಂತೆ.

“ಸಂಜೀಕ,” ಎಂದೆ.

ಅವಳು ನಂಬದೆ ಗೌಡಸಾನಿಯ ಮುಖ ನೋಡಿದಳು. ಆ ದಿನ ನಾಲ್ಕು ಊರಲ್ಲಿ ಮೂರನ್ನಷ್ಟೇ ತಿರುಗಿ, ಬಿಸಿಲಿಳಿಯುವ ಮೊದಲೇ ಓಡಿ ಬಂದೆ.