ಅತ್ತೆ ಅನ್ನಬೇಡ

ಅಶೋಕಪುರಂನ ನಮ್ಮ ಬೀದಿಯಲ್ಲಿ ತಿಮ್ಮಮ್ಮನ ಬಾಯಿಗೆ ಹೆದರದವರಿಲ್ಲ. ಆದರೆ ಅವಳೇ ಒಂದು ಮಾತಿಗೆ ಹೆದರುತ್ತಿದ್ದಳು. ‘ಅತ್ತೆ’ ಎಂಬ ಮಾತಿಗೆ.

ಹದಿನಾರಕ್ಕೇ ಅವಳನ್ನು ಸೋದರತ್ತೆಯ ಮಗನಿಗೆ ಕೊಟ್ಟಿದ್ದರು. ಚಿಕ್ಕಂದಿನಲ್ಲಿ ಕೈತುತ್ತು ಹಾಕಿದ ಅತ್ತೆ, ತಾಳಿ ಕಟ್ಟಿಸಿದ ಮೇಲೆ ಬೇರೆಯೇ ಹೆಂಗಸಾದಳು. ಊಟಕ್ಕೆ ಕೂತರೆ ತಿಮ್ಮಮ್ಮನ ಕೈ ನಡುಗುವುದು ಆಗ ಶುರುವಾಯಿತು. ಅತ್ತೆ ಹೋದಳು, ಗಂಡನೂ ಹೋದ, ನಡುಕ ಹೋಗಲಿಲ್ಲ.

ಅಣ್ಣ ಸಣ್ಣಮಾದಯ್ಯನ ಹೆಂಡತಿ ತೀರಿಕೊಂಡಾಗ ಅವನ ಪುಟ್ಟ ಮಗಳು ಗೌತಮಿ ತಿಮ್ಮಮ್ಮನ ಮನೆಗೆ ಬಂದಳು. ಬಂದವಳೇ “ಅತ್ತೆ” ಎಂದು ಕಾಲು ತಬ್ಬಿಕೊಂಡಳು. ತಿಮ್ಮಮ್ಮನ ಮಗ ಸಿದ್ದು ಅಲ್ಲೇ ಗೋಲಿ ಆಡುತ್ತಿದ್ದ. ಸೊಸೆ ತಾನಾಗೇ ಮನೆ ತುಂಬಿದಳಲ್ಲ ಎಂದು ನಾವೆಲ್ಲ ನಕ್ಕೆವು. ತಿಮ್ಮಮ್ಮ ನಗಲಿಲ್ಲ.

ಅವಳು ಅಡುಗೆ ಮಾಡುವುದು ವಿಜಯನಗರದ ಹುಡುಗಿಯರ ಪಿಜಿಯಲ್ಲಿ. ಬೀದರಿನವಳೊಬ್ಬಳು ಅವಳನ್ನು ಖಾಲಾ ಎನ್ನುತ್ತಿದ್ದಳು, ಬಿಹಾರದವಳು ಮೌಸಿ, ಮಿಕ್ಕವರಿಗೆಲ್ಲ ಆಂಟಿ. ಆಂಟಿ ಎಂದು ಕರೆದವಳನ್ನು ಯಾರೂ ಸೊಸೆಯಾಗು ಎಂದು ಕೇಳುವುದಿಲ್ಲ. ಗೌತಮಿ ಬಂದ ದಿನವೇ ತಿಮ್ಮಮ್ಮ ಆ ಪದವನ್ನು ಮನೆಗೆ ತಂದಳು.

“ನನ್ನ ಆಂಟಿ ಅನ್ನು ಕಣಮ್ಮ. ಸಿದ್ದು ನಿಂಗೆ ಅಣ್ಣ.”

ಇಂಗ್ಲಿಷ್ ತಿಮ್ಮಮ್ಮ ಎಂದು ಬೀದಿಯೆಲ್ಲ ಆಡಿಕೊಂಡಿತು. ನಾನೂ ಆಡಿಕೊಂಡೆ.

ಗೌತಮಿಯ ನರ್ಸಿಂಗ್ ಪರೀಕ್ಷೆ ಮುಗಿದ ವಾರದಲ್ಲೇ ಸಣ್ಣಮಾದಯ್ಯ ತಟ್ಟೆಯಲ್ಲಿ ಎಲೆಯಡಿಕೆ, ಕಾಯಿ ಇಟ್ಟುಕೊಂಡು ಬಂದ. ನಾನು ಕಾಫಿ ಕುಡಿಯುತ್ತ ಅಲ್ಲೇ ಕೂತಿದ್ದೆ.

“ಸಾಕಿದೋಳು ನೀನು, ನಿನ್ನ ಸೊಸೇನೇ. ಸಿದ್ದೂಗೆ ತಂದ್ಕೊಂಡ್ಬುಡು.”

ಸಿದ್ದು ತಲೆ ತಗ್ಗಿಸಿ ಹೊರಗೆ ನಡೆದ. ತಿಮ್ಮಮ್ಮ ಬಾಗಿಲಲ್ಲಿ ನಿಂತಿದ್ದ ಗೌತಮಿಯತ್ತ ಹೆದರಿ ನೋಡಿದಳು. ಅಣ್ಣನ ಭಯವಲ್ಲ ಅದು. ಈ ಮನೆಯಲ್ಲಿ ಉಂಡ ಅನ್ನಕ್ಕೆ ಕಟ್ಟುಬಿದ್ದು ಹುಡುಗಿ ಬೇಡ ಎನ್ನಲಾರಳು ಎಂಬ ಭಯ.

“ಆಂಟಿ ಗೀಂಟಿ ಸಾಕು. ಬಾಯ್ತುಂಬ ಅತ್ತೆ ಅನ್ನು ಕೂಸೇ,” ಎಂದ ಸಣ್ಣಮಾದಯ್ಯ.

ಗೌತಮಿ ನೆಲ ನೋಡುತ್ತ ನಿಂತಳು. ಆಮೇಲೆ ಕೇಳಿಸಿಯೂ ಕೇಳಿಸದ ಹಾಗೆ, “ಆಯ್ತು ಅತ್ತೆ,” ಎಂದಳು. ದುಪಟ್ಟಾ ಹಿಡಿದ ಅವಳ ಕೈ ನಡುಗುತ್ತಿತ್ತು.

ತಿಮ್ಮಮ್ಮ ಆ ಕೈಯನ್ನೇ ನೋಡಿದಳು. ಬಗ್ಗಿ, ಅಣ್ಣ ತಂದಿಟ್ಟ ತಟ್ಟೆ ಎತ್ತಿದಳು. ಅವಳ ನಡುಕಕ್ಕೆ ಕಾಯಿ ತಟ್ಟೆಯಲ್ಲಿ ಗಡಗಡ ಎಂದಿತು. ಆದರೂ ಅಣ್ಣನ ಮಡಿಲವರೆಗೆ ಒಯ್ದು ಇಟ್ಟಳು.

“ಈ ಮನೇಲಿ ಅತ್ತೆ ಅನ್ನೋರು ಯಾರೂ ಇಲ್ಲ ಕಣಣ್ಣ. ತಗೊಂಡೋಗು.”