ಹಿಂದಿನ ಸೀಟಿನ ಕಿವಿ

ಬಸ್ಸುಗಳ ಓಡಾಟ ಶುರುವಾಗುವ ಮೊದಲೇ ಕೆಲಸ ಮುಗಿಯಬೇಕು. ಆಮೇಲಿನ ಗದ್ದಲದಲ್ಲಿ ಸಣ್ಣ ಸದ್ದು ಕಿವಿಗೆ ಸಿಗುವುದಿಲ್ಲ. ಕಿವಿಯಕ್ಕನ ಅವಸರಕ್ಕೆ ಅದೇ ಕಾರಣ. ನಸುಕಿನಲ್ಲೇ ತಗಡಿನ ಶೆಡ್ಡಿನ ಬಾಗಿಲು ಎಳೆಯುತ್ತಾರೆ, ಒಳಗೆ ನಿಂತ ಕಾರಿನ ಎಂಜಿನ್ ಹಾಕಿಸುತ್ತಾರೆ, ಹೊಸ ಸ್ಟೀರಿಯೋದ ದನಿಯನ್ನು ಪೂರ್ತಿ ಇಳಿಸಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಕೂರುತ್ತಾರೆ ಅಂತ ಹೆಸರಿಗಷ್ಟೇ, ಕೂತಲ್ಲಿ ಕೂರುವ ಜೀವ ಅಲ್ಲ ಅದು. ಎಡ ಬಾಗಿಲಿನ ಸ್ಪೀಕರಿಗೆ ಕಿವಿ ಒಡ್ಡುತ್ತಾರೆ, ಬಲಕ್ಕೆ ಸರಿಯುತ್ತಾರೆ, ಮಂಡಿಯೂರಿ ಹಿಂದಕ್ಕೆ ತಿರುಗುತ್ತಾರೆ. ಸ್ಟೀರಿಂಗ್ ಮುಂದೆ ಕೂತ ಗಂಡನಿಗೆ, "ಸ್ವಲ್ಪ ರೇಸ್ ಕೊಡಿ" ಅನ್ನುತ್ತಾರೆ. ಎಂಜಿನ್ ಜೋರಾದಂತೆ ಸ್ಪೀಕರಿನೊಳಗಿಂದ ಸಣ್ಣದೊಂದು ಸಿಳ್ಳೆ ಏಳುತ್ತದೆ. ಕಾಲು ತೆಗೆದರೆ ಇಳಿಯುತ್ತದೆ. ಗಂಡ ಹಿಂದಕ್ಕೆ ಕತ್ತು ಹೊರಳಿಸಿ ಹೆಂಡತಿಯ ಮುಖ ನೋಡುತ್ತಾರೆ. ಆ ಸಿಳ್ಳೆ ಅವರಿಗೆ ಕೇಳಿಸುವುದಿಲ್ಲ.

ಕಾರಿನ ಜೊತೆ ಬಂದ ಸ್ಟೀರಿಯೋ ಸೆಟ್ಟು ತೆಗೆಸಿ ದೊಡ್ಡದನ್ನು ಹಾಕಿಸಿಕೊಂಡವರಿಗೆ ಕೆಲವೊಮ್ಮೆ ಅಂಟುವ ಕಾಟ ಇದು. ಅಂಗಡಿಯಲ್ಲಿ ಎಲ್ಲ ಚೆನ್ನಾಗಿರುತ್ತದೆ. ರಸ್ತೆಗಿಳಿದು ವೇಗ ಹಿಡಿದರೆ ಕಾರಿನೊಳಗೆ ಸೊಳ್ಳೆ ಹೊಕ್ಕಂತೆ ಶುರುವಾಗುತ್ತದೆ. ಮುಖ್ಯರಸ್ತೆಯ ಅಂಗಡಿಗಳವರು ಅಂಥ ಕಾರುಗಳನ್ನು ಹಿಂದಿನ ಗಲ್ಲಿಯ ಈ ಶೆಡ್ಡಿಗೆ ಕಳಿಸುತ್ತಾರೆ. ದಿನಕ್ಕೆ ಎರಡು, ಕೆಲವು ದಿನ ಮೂರು.

"ಕರೆಂಟಿನ ವೈರೂ ಸ್ಪೀಕರ್ ಕಡೆ ಹೋಗೋ ವೈರೂ ಅಂಟಿಕೊಂಡು ಓಡಿದ್ರೆ ಅದರ ಗಲಾಟೆ ಇದಕ್ಕೆ ಹತ್ತಿಕೊಳ್ಳತ್ತೆ. ಎರಡನ್ನೂ ಬೇರೆ ಬೇರೆ ಕಡೆಯಿಂದ ಎಳೀಬೇಕು," ಎಂದು ಅಕ್ಕ ಕೈಗೆ ಮೆತ್ತಿದ ಧೂಳು ಒರೆಸಿಕೊಳ್ಳುತ್ತಾರೆ. "ಇಲ್ಲಾಂದ್ರೆ ಕಾರಿನ ಮೈಗೆ ಬಿಗಿಯೋ ಅರ್ಥ್ ವೈರು ಸರಿ ಕೂತಿರಲ್ಲ. ಬಣ್ಣದ ಮೇಲೇ ಬೋಲ್ಟ್ ಬಿಗಿದ್ರೆ ಎಲ್ಲಿ ಹಿಡಿಯತ್ತೆ? ಉಪ್ಪುಕಾಗದ ಹಾಕಿ ಉಜ್ಜಿ, ಬರೀ ಕಬ್ಬಿಣ ಕಾಣಬೇಕು."

ಇಷ್ಟೆಲ್ಲ ಹೇಳುವ ಅಕ್ಕ ಮೂಲತಃ ದರ್ಜಿ. ಶೆಡ್ಡಿನ ಮೇಲಿನ ಒಂದೇ ಕೋಣೆಯ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವರು. ಕೆಳಗಿನ ಕೆಲಸವೆಲ್ಲ ಗಂಡನದು. ಗಲ್ಲಿಯವರಿಗೆಲ್ಲ ಅವರು ಮೇಸ್ತ್ರಿ. ಕಾರಿನ ವೈರಿಂಗಿನಲ್ಲಿ ಪಳಗಿದ ಕೈ. ಅಂಥವರ ಕೈಯಿಂದ ಹೋದ ಕಾರುಗಳು ಒಂದೊಂದಾಗಿ ವಾಪಸ್ ಬರತೊಡಗಿದವು. ಸದ್ದು ಹೋಗಿಲ್ಲ ಅಂತ ಗಿರಾಕಿಗಳು, ಹೋಗಿದೆ ಅಂತ ಮೇಸ್ತ್ರಿ. ಜನಕ್ಕೆ ಬೇಕಂತಲೇ ತಗಾದೆ ತೆಗೆಯುವ ಚಾಳಿ ಹತ್ತಿದೆ ಎಂದು ಅವರು ಮನೆಗೆ ಬಂದು ಕೂಗಾಡುತ್ತಿದ್ದರು. ತಟ್ಟೆಯ ಮುಂದಿನಿಂದ ಅರ್ಧಕ್ಕೆ ಎದ್ದುಹೋಗುತ್ತಿದ್ದರು.

ಒಂದು ಬೆಳಿಗ್ಗೆ ಅಕ್ಕ ಚಹಾ ಹಿಡಿದು ಕೆಳಗಿಳಿದರು. ಮೇಸ್ತ್ರಿ ಕಾರಿನ ಬಾಗಿಲು ತೆರೆದಿಟ್ಟುಕೊಂಡು ಎಂಜಿನ್ ಜೋರು ಮಾಡುತ್ತ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ಅಕ್ಕ ಒಳಗೆ ಬಗ್ಗಿ ಲೋಟ ಕೊಡುತ್ತ, ಅದೇನು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತಿದೆ ಎಂದರು. ಯಾವ ಸೊಳ್ಳೆ ಎಂದರು ಮೇಸ್ತ್ರಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೇಸ್ತ್ರಿ ಎಂಜಿನ್ ಆರಿಸಿ, ಚಹಾ ಕುಡಿಯದೆ ಬೀದಿಗೆ ನಡೆದುಬಿಟ್ಟರು.

ಮಾತುಕತೆ ಅವರಿಗೆ ಕೇಳಿಸುತ್ತದೆ, ಹಾರನ್ ಕೇಳಿಸುತ್ತದೆ. ಹೋಗಿರುವುದು ಕೀರಲು ಸದ್ದುಗಳು ಮಾತ್ರ ಎಂದು ಕಿವಿ ಡಾಕ್ಟರು ಹೇಳಿದರು. ಅವರು ಕೊಟ್ಟ ಕಿವಿಯ ಯಂತ್ರವನ್ನು ಮೇಸ್ತ್ರಿ ಒಂದು ವಾರ ಹಾಕಿಕೊಂಡರು. ಎದುರಿನ ಗ್ಯಾರೇಜಿನ ಸುತ್ತಿಗೆಯೆಲ್ಲ ನೇರ ತಲೆಗೇ ಬೀಳುತ್ತದೆ ಎಂದು ತೆಗೆದು ಅಂಗಿಯ ಜೇಬಿಗೆ ಹಾಕಿದರು. ಅದು ಈಗಲೂ ಅಲ್ಲೇ ಇದೆ.

ಅವರ ಭಯ ಬೇರೆ ಇತ್ತು. ಕಿವಿ ಕೇಳದವನ ಹತ್ತಿರ ಸದ್ದಿನ ಕೆಲಸಕ್ಕೆ ಯಾರು ಕಾರು ಕಳಿಸುತ್ತಾರೆ? ಹಾಗಾಗಿ ಗಂಡ ಹೆಂಡತಿ ಸೇರಿ ಒಂದು ಉಪಾಯ ಹೂಡಿದರು. ಗಿರಾಕಿ ಬಂದಾಗ ಅಕ್ಕ ಬಟ್ಟೆ ಹಿಡಿದು ಹಿಂದಿನ ಸೀಟಿಗೆ ಹತ್ತಿ ಕಿಟಕಿಯ ಗಾಜು ಒರೆಸುವುದು. ಸಿಳ್ಳೆ ಇದ್ದಷ್ಟು ಹೊತ್ತೂ ಒರೆಸುವುದು, ನಿಂತರೆ ಕೈ ನಿಲ್ಲಿಸುವುದು. ಮೇಸ್ತ್ರಿ ಮುಂದಿನ ಕನ್ನಡಿಯಲ್ಲಿ ಹೆಂಡತಿಯ ಕೈ ನೋಡಿಕೊಂಡು, ಇಲ್ಲ ಸ್ವಾಮಿ ಇನ್ನೂ ಇದೆ ಎಂದೋ, ಈಗ ಹೋಯಿತು ನೋಡಿ ಎಂದೋ ಗಂಭೀರವಾಗಿ ತೀರ್ಪು ಕೊಡುವುದು. ನಿಮ್ಮ ಮನೆಯವರಿಗೆ ಗಾಜಿನ ಮೇಲೆ ಏನೋ ಸಿಟ್ಟಿರಬೇಕು ಎಂದು ಒಬ್ಬ ಗಿರಾಕಿ ನಕ್ಕದ್ದೂ ಉಂಟು.

ಆಟ ಚೆನ್ನಾಗೇ ನಡೆಯಿತು. ಆದರೆ ಅಕ್ಕನಿಗೆ ನೆಮ್ಮದಿ ಹಾರಿಹೋಯಿತು. ಸದ್ದು ಹುಡುಕುವ ಕಿವಿ ಮನೆಗೆ ಬಂದರೂ ಸುಮ್ಮನಿರಲಿಲ್ಲ. ಫ್ರಿಜ್ ಗುನುಗಿದರೆ ಎದ್ದು ಹೋಗಿ ತಳ್ಳುತ್ತಾರೆ, ಪಕ್ಕದ ಮನೆಯ ಫ್ಯಾನ್ ಕಿರುಗುಟ್ಟಿದರೆ ಹೊಲಿಗೆ ತಪ್ಪುತ್ತಾರೆ. ಯಾವತ್ತಾದರೂ ಸಿಕ್ಕಿಬೀಳುತ್ತೇವೆ ಎಂಬ ಹೆದರಿಕೆಯೂ ಇತ್ತು. ಗ್ಯಾರೇಜಿನವರು ತಗಡು ಬಡಿಯತೊಡಗಿದರೆ ಎರಡೂ ಕಿವಿಗೆ ಅಂಗೈ ಒತ್ತಿಕೊಳ್ಳುತ್ತಾರೆ. "ನಂದೂ ಹೋದ್ರೆ ಏನು ಗತಿ ಅನ್ನೋ ಯೋಚನೆ," ಎನ್ನುತ್ತಾರೆ. "ಇರೋದೇ ಒಂದು ಜೊತೆ."

ಸಿಕ್ಕಿಬೀಳುವ ದಿನ ಬಂದೇ ಬಂತು. ಶೆಡ್ಡಿನಲ್ಲಿ ನಿಂತ ಸಿಳ್ಳೆ ರಸ್ತೆಯಲ್ಲಿ ಮತ್ತೆ ಎದ್ದು, ಒಬ್ಬ ಟ್ಯಾಕ್ಸಿಯವನ ಕಾರು ಮೂರನೇ ಸಲ ವಾಪಸ್ಸಾಗಿತ್ತು. ಈ ಸಲ ಸೆಟ್ಟು ಹಾಕಿದ ಅಂಗಡಿಯ ಸಾಹುಕಾರರೇ ಅವನ ಜೊತೆ ಬಂದು, ನೇರ ಹಿಂದಿನ ಸೀಟಿನಲ್ಲಿ ಕೂತರು. ಟ್ಯಾಕ್ಸಿಯವ ಮುಂದೆ, ಸ್ಟೀರಿಂಗ್ ಹಿಡಿದ ಮೇಸ್ತ್ರಿಯ ಪಕ್ಕ ಕೂತ. ಬಟ್ಟೆ ಹಿಡಿದು ಬಂದ ಅಕ್ಕನಿಗೆ ಸಾಹುಕಾರರು, ಗಾಜು ಆಮೇಲೆ ಒರೆಸಮ್ಮ ಎಂದು ಬಾಗಿಲು ಹಾಕಿಕೊಂಡರು. ಅಕ್ಕ ಹೊರಗೆ ಉಳಿದರು. ಎಂಜಿನ್ನಿನ ಸದ್ದಿನಲ್ಲಿ ಅವರಿಗೆ ಏನೂ ತಿಳಿಯಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಹಾಕಿದರು, ಮತ್ತೊಂದು ಹಾಕಿದರು.

ಒಳಗೆ ಮೇಸ್ತ್ರಿ, ದನಿ ಹೆಚ್ಚಿಸುವ ಆಂಪ್ಲಿಫೈಯರಿನ ಅರ್ಥ್ ಬದಲಿಸಿದ ಧೈರ್ಯದ ಮೇಲೆ, "ಹೋಯ್ತು ನೋಡಿ" ಎಂದರು. ಟ್ಯಾಕ್ಸಿಯವ ಅವರನ್ನೇ ನೋಡಿದ. "ಎಲ್ಲಿ ಹೋಯ್ತು ಮೇಸ್ತ್ರಿ? ಕೂಗ್ತಾ ಇದೆಯಲ್ಲ." ದಿನವಿಡೀ ಆ ಸಿಳ್ಳೆಯಲ್ಲೇ ಓಡಿಸಿ ತಲೆ ಸಿಡಿಯುತ್ತಿದೆ, ಪ್ರಯಾಣಿಕರು ಅರ್ಧ ದಾರಿಗೇ ಇಳಿಯುತ್ತೇವೆ ಅನ್ನುತ್ತಾರೆ ಎಂದು ಅವನು ಹೇಳಿಕೊಂಡ. ಮೇಸ್ತ್ರಿಯ ಕಣ್ಣು ಕನ್ನಡಿಗೆ ಹೋಯಿತು. ಅಲ್ಲಿ ಹೆಂಡತಿಯ ಕೈ ಇರಲಿಲ್ಲ, ಸಾಹುಕಾರರ ಮುಖ ಇತ್ತು.

ಮೇಸ್ತ್ರಿ ಎಂಜಿನ್ ಆರಿಸಿ ಕೆಳಗಿಳಿದರು. ಏನು ಹೇಳುತ್ತಾರೋ ಎಂದು ಅಕ್ಕ ಹತ್ತಿರ ಬಂದರು.

"ನಂಗೆ ಈ ಸದ್ದು ಕೇಳ್ಸಲ್ಲ ಸಾಹುಕಾರ್ರೇ. ಬಹಳ ದಿನದಿಂದ ಇವಳೇ ಕೇಳ್ತಿರೋದು. ಇವಳನ್ನ ಒಳಗೆ ಕೂರಿಸ್ಕೊಳ್ಳಿ."

ಅಕ್ಕ ಗಂಡನ ಜಾಗದಲ್ಲಿ ಕೂತರು. ಎಂಜಿನ್ ಹಾಕಿ ರೇಸ್ ಕೊಟ್ಟರು. ಡಿಕ್ಕಿಯಲ್ಲಿದ್ದ ಆಂಪ್ಲಿಫೈಯರಿನಿಂದ ಸೆಟ್ಟಿನ ಕಡೆಯ ವೈರು ಕೀಳಿ ಎಂದು ಗಂಡನಿಗೆ ಹೇಳಿದರು. ಕಿತ್ತ ಕೂಡಲೇ ಸಿಳ್ಳೆ ನಿಂತಿತು. ಅಂದರೆ ತೊಂದರೆ ಹಿಂದಿಲ್ಲ, ಮುಂದಿದೆ. ಸ್ಟೀರಿಯೋ ಹೊರಗೆಳೆದು ನೋಡಿದರೆ ಅದರ ಅರ್ಥ್ ವೈರನ್ನು ಬಣ್ಣ ಬಳಿದ ಪಟ್ಟಿಗೆ ಬಿಗಿಯಲಾಗಿತ್ತು. ಮೇಸ್ತ್ರಿ ಟಾರ್ಚ್ ಹಿಡಿದರು, ಎಲ್ಲಿ ಉಜ್ಜಬೇಕು, ಯಾವ ಬೋಲ್ಟು ಗಟ್ಟಿ ಎಂದು ತೋರಿಸಿದರು. ಅಕ್ಕ ಉಜ್ಜಿ ಬಿಗಿದರು. ವೈರು ಮತ್ತೆ ಸಿಕ್ಕಿಸಿ ಎಂಜಿನ್ ಎಷ್ಟು ಜೋರು ಮಾಡಿದರೂ ಸ್ಪೀಕರ್ ಸುಮ್ಮನಿತ್ತು. ಟ್ಯಾಕ್ಸಿಯವ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಸಾಹುಕಾರರು ಅಂಗಡಿಗೆ ಹೊರಟುಹೋದರು.

ಆಮೇಲೆ ಕೆಲವು ದಿನ ಶೆಡ್ಡಿಗೆ ಒಂದು ಕಾರೂ ಬರಲಿಲ್ಲ. ಅಕ್ಕ ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದರು. ಮೇಸ್ತ್ರಿ ಬಾಗಿಲಿಗೂ ಬೀದಿಗೂ ಅಲೆದರು. ಒಂದು ದಿನ ಬೆಳಿಗ್ಗೆ ಅಂಗಡಿಯ ಕೆಲಸದವ ಕಾರೊಂದನ್ನು ತಂದು ನಿಲ್ಲಿಸಿ, ಸಾಹುಕಾರರು ಕಿವಿಯಕ್ಕನಿಗೆ ತೋರಿಸು ಎಂದಿದ್ದಾರೆ ಎಂದ. ಹೆಸರು ಅಲ್ಲಿಂದ ಅಂಟಿತು. ಅಕ್ಕ ಹಿಗ್ಗಿದರು. ಆದರೆ ಮೇಸ್ತ್ರಿ ಹತ್ತಿರ ಬರಲಿಲ್ಲ, ಇನ್ನು ನನ್ನದೇನಿದೆ ಇಲ್ಲಿ ಎಂದು ಗೋಡೆಗೆ ಒರಗಿ ನಿಂತರು.

"ಸದ್ದಿದೆ ಅಂತ ಹೇಳೋದು ಅಷ್ಟೇ ನಂಗೆ ಬರೋದು," ಎಂದರಂತೆ ಅಕ್ಕ. "ಅದು ಎಲ್ಲಿಂದ ಹೊರಡತ್ತೆ ಅಂತ ತೋರಿಸ್ಕೊಟ್ಟಿದ್ದು ಯಾರು? ಬನ್ನಿ, ಟಾರ್ಚ್ ಹಿಡೀರಿ."

ಮೇಸ್ತ್ರಿ ಬಂದರು. ಈಗ ದಿನವೂ ಬರುತ್ತಾರೆ, ಒಂದಿಷ್ಟು ಗೊಣಗುತ್ತ.

ಹೊರಗೆ ಮೊದಲ ಬಸ್ಸು ಹಾದುಹೋಗುತ್ತದೆ. ಇವತ್ತಿನ ಕಾರಿನ ಸಿಳ್ಳೆ ಅಷ್ಟರಲ್ಲಿ ನಿಂತಿದೆ. ಮಾಲೀಕ ಬಂದು ಬೀಗದ ಕೈ ಇಸಿದುಕೊಂಡು ಹೊರಡುತ್ತಾನೆ. ಗಲ್ಲಿಯ ತಿರುವಿನಲ್ಲಿ ಅವನು ಹಾಡು ಹಾಕಿದ್ದು ಎರಡು ಸಾಲು ಕೇಳಿ ಮರೆಯಾಗುತ್ತದೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಮುಂದಿನ ಕಾರಿನ ಬಾಗಿಲು ತೆರೆಯುತ್ತಿದ್ದ ಅಕ್ಕ ಒಂದು ಕ್ಷಣ ನಿಲ್ಲುತ್ತಾರೆ.

"ಇಷ್ಟು ಸ್ಟೀರಿಯೋ ಸರಿ ಮಾಡಿದ್ದೀವಿ, ಒಂದರಲ್ಲೂ ಪೂರ್ತಿ ಹಾಡು ಕೇಳಿಲ್ಲ. ಸರಿ ಆದ ತಕ್ಷಣ ತಗೊಂಡು ಹೋಗ್ತಾರೆ. ಒಂದು ದಿನ ಇವರನ್ನ ಪಕ್ಕ ಕೂರಿಸ್ಕೊಂಡು ಒಂದು ಹಾಡು ಕೊನೇವರೆಗೂ ಕೇಳ್ಬೇಕು. ದಪ್ಪ ದನಿಯವರು ಹಾಡಿರೋದು. ಅದಾದ್ರೆ ಇವರಿಗೂ ಪೂರ್ತಿ ಕೇಳ್ಸತ್ತೆ."