ಹಿತ್ತಲಿಗೆ ಹೋದ ಡಬ್ಬಿ

1987ರ ಫೆಬ್ರುವರಿಯ ಒಂದು ಬೆಳಿಗ್ಗೆ ಬಾಗಲಕೋಟೆಯಿಂದ ಇಳಕಲ್ಲಿಗೆ ಬಸ್ಸು ಹತ್ತಿದೆ. ಟಿಕೆಟ್ ಏಳು ರೂಪಾಯಿ. ಜೊತೆಗಿದ್ದವರು ಧಾರವಾಡದ ಭೌತಶಾಸ್ತ್ರ ಸಂಶೋಧಕ ಹಿರೇಮಠ; ಅವರ ಕೆಲಸ ನೋಡಲು ನಾನು ಹೊರಟಿದ್ದೆ. ಅವರ ತೊಡೆಯ ಮೇಲಿನ ಕೈಚೀಲದ ತುಂಬ ಪ್ಲಾಸ್ಟಿಕ್ ಡಬ್ಬಿಗಳು. ಶಿರೂರು ದಾಟುವವರೆಗೆ ಚಳಿಯಿತ್ತು. ಅಮೀನಗಡದಲ್ಲಿ ಚಹಾಕ್ಕೆ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು.

ಮಣ್ಣು, ಕಲ್ಲುಗಳಿಂದ ರೇಡಾನ್ ಎಂಬ ಅನಿಲ ಸದಾ ಹೊರಬೀಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಚದುರಿಹೋಗುತ್ತದೆ, ಗಾಳಿಯಾಡದ ಮನೆಯಲ್ಲಿ ಕೂಡಿಕೊಳ್ಳುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಎಷ್ಟಿದೆ ಎಂಬುದು ಅಳೆದರೆ ಮಾತ್ರ ತಿಳಿಯುತ್ತದೆ. ಡಬ್ಬಿಯೊಳಗಿನ ಫಿಲ್ಮ್ ತುಣುಕಿನ ಮೇಲೆ ಅದು ಕಣ್ಣಿಗೆ ಕಾಣದ ಗುರುತು ಬಿಡುತ್ತದೆ. ಮೂರು ತಿಂಗಳ ಹಿಂದೆ ಇಳಕಲ್ಲಿನ ಮನೆಗಳಲ್ಲಿ ಕಟ್ಟಿದ ಡಬ್ಬಿಗಳನ್ನು ಬಿಚ್ಚಿ ಹೊಸವನ್ನು ಕಟ್ಟಲು ಅವರು ಹೊರಟಿದ್ದರು. ಹುನಗುಂದ ದಾಟುವಷ್ಟರಲ್ಲಿ ನನಗೆ ತಿಳಿದದ್ದು ಇಷ್ಟು.

ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್ ಹೊತ್ತ ಲಾರಿಗಳ ಪಕ್ಕದಲ್ಲೇ ನಡೆದು ನೇಕಾರರ ಓಣಿ ಸೇರಿದೆವು. ಮೊದಲು ಹೊಕ್ಕ ಗೌರವ್ವನ ಮನೆಗೆ ಕಲ್ಲಿನ ನೆಲ, ಒಂದೇ ಕಿಟಕಿ. ಒಣಗಾಳಿಗೆ ರೇಷ್ಮೆ ಎಳೆ ಹರಿಯುತ್ತದೆಂದು ಅದನ್ನೂ ಮುಚ್ಚಿದ್ದರು. ಮಗಳು ಶಾಂತಾ ನೆಲದಲ್ಲಿ ತೋಡಿದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು. ಮಗ್ಗದ ಮೇಲಿನ ತೊಲೆಗೆ ಕಟ್ಟಿದ್ದ ಡಬ್ಬಿ ಅಲ್ಲಿರಲಿಲ್ಲ.

ಗೌರವ್ವ ಹಿತ್ತಲಿಗೆ ಹೋಗಿ ಬೇವಿನ ಟೊಂಗೆಯಿಂದ ಅದನ್ನು ಬಿಚ್ಚಿ ತಂದಳು. ಕಟ್ಟಿದ ಮರುದಿನವೇ ಅಲ್ಲಿಗೆ ಸಾಗಿಸಿದ್ದಳಂತೆ. ಮೂರು ತಿಂಗಳು ಬೇವಿನ ಮರದ ಗಾಳಿಯನ್ನು ಅಳೆದಂತಾಗಿತ್ತು. ಹಿರೇಮಠರು ಕಾರಣ ಕೇಳಿದರು.

“ಈ ಮನಿಯಾಗ ಏನೋ ಐತಿ, ಅದಕ್ಕ ಕಟ್ಯಾರ ಅಂತ ಓಣಿ ತುಂಬ ಮಾತಾತ್ರಿ. ಐತ್ವಾರ ಬಾದಾಮಿಯವ್ರು ಹುಡುಗೀನ್ನ ನೋಡಾಕ ಬರ್ತಾರ. ಮತ್ತ ಕಟ್ಟಬ್ಯಾಡ್ರಿ.”

ಓಣಿಯ ಬೇರೆ ಮನೆಗಳಲ್ಲೂ ಕಟ್ಟಿದ್ದೇವೆ, ಇದು ರೋಗದ ಗುರುತಲ್ಲ ಎಂದು ಹಿರೇಮಠರು ತಿಳಿಹೇಳಿದರು.

“ಅವ್ರ ಮನಿಯಾಗ ಲಗ್ನದ ಹುಡುಗಿ ಇಲ್ಲಲ್ರಿ,” ಎಂದಳು ಗೌರವ್ವ.

ಒಪ್ಪದ ಮನೆಯಲ್ಲಿ ಕಟ್ಟುವಂತಿರಲಿಲ್ಲ. ಹಿರೇಮಠರು ಚೀಲ ಮುಚ್ಚತೊಡಗಿದರು. ಆಗ ಲಾಳಿ ನಿಂತಿತು.

“ಬಾದಾಮಿಯವ್ರು ಘಳಿಗಿ ಕೂತು ಎದ್ದು ಹೋಗ್ತಾರ, ಯವ್ವಾ,” ಎಂದಳು ಶಾಂತಾ. “ದಿನಾ ಈ ಕುಣಿಯಾಗ ಕೂಡಾಕಿ ನಾನು. ಕಟ್ರಿ ಸರ. ಯಾರರ ಕೇಳಿದ್ರ ನಾನ ಹೇಳ್ತೇನಿ.”

ಗೌರವ್ವ ಮಗಳನ್ನೇ ನೋಡಿದಳು. “ಹೇಳವಾ. ಅವ್ರು ಚಾ ಕುಡದ ಮ್ಯಾಲ ಹೇಳು.”

ಹೊಸ ಡಬ್ಬಿ ತೊಲೆಗೇರಿತು. ಅಳತೆಯ ಫಲ ಏನೇ ಬರಲಿ, ನೇಯದ ಹೊತ್ತಿನಲ್ಲಾದರೂ ಕಿಟಕಿ ತೆರೆದಿಡಿ ಎಂದರು ಹಿರೇಮಠರು. ಗೌರವ್ವ ಕಿಟಕಿಯ ಅಗಳಿ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದಳು.

ಉಳಿದ ಮನೆಗಳನ್ನು ಮುಗಿಸಿ, ಖಾನಾವಳಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಉಂಡು, ಸಂಜೆಯ ಬಸ್ಸಿಗೆಂದು ಅದೇ ಓಣಿಯಿಂದ ಹೊರಟೆವು. ಶಾಂತಾಳ ಮಗ್ಗದ ಸದ್ದು ನಿಂತಿತ್ತು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಗೌರವ್ವ ಕಿಟಕಿ ತೆರೆದು, ನಮ್ಮನ್ನು ಯಾರಾದರೂ ಕಂಡರೇ ಎಂದು ಓಣಿಯ ಎರಡೂ ಕಡೆ ಕಣ್ಣಾಡಿಸುತ್ತಿದ್ದಳು. ಆಮೇಲೆ ಒಳಗೆ ಹೋದಳು. ಕಿಟಕಿ ಮುಚ್ಚಲಿಲ್ಲ.